ಹತ್ತದೇ ನೋಡಿದ ಚಾವಣಿ

ಇಡಾ ಬ್ರಾಂಡ್‌ವೊಲ್ಡ್ ಶನಿವಾರ ಬೆಳಿಗ್ಗೆ ತನ್ನ ಹಾಸಿಗೆಯಲ್ಲೇ ಸತ್ತುಹೋಗಿದ್ದಳು. ಮೈಮೇಲೆ ಗಾಯವಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ. ಕಿಟಕಿಗಳೆಲ್ಲ ಭದ್ರ. ಮುಖ ಮಾತ್ರ ಬಿಸಿಲಲ್ಲಿ ತೋಟದ ಕೆಲಸ ಮುಗಿಸಿ ಬಂದವಳ ಹಾಗೆ ಕೆಂಪಗಿತ್ತು.

ಅಗ್ನಿಶಾಮಕ ದಳದವರು ಅಳೆಯುವ ಯಂತ್ರ ಹಿಡಿದು ಒಳಗೆ ಕಾಲಿಟ್ಟರು. ಯಂತ್ರ ಕಿರುಚಿಕೊಂಡಿತು. ಮನೆಯ ತುಂಬ ವಿಷದ ಗಾಳಿ.

ಹಿಂದಿನ ರಾತ್ರಿ ಆ ವರ್ಷದ ಮೊದಲ ಕೊರೆಯುವ ಚಳಿ. ಮುದುಕಿ ಮನೆ ಬೆಚ್ಚಗಿಡುವ ಫರ್ನೇಸ್ ಹಚ್ಚಿಕೊಂಡು ಮಲಗಿದ್ದಳು. ಅದರ ಹೊಗೆ ಹೊರಹೋಗಲು ಚಾವಣಿಯ ಮೇಲೆ ಒಂದು ಕೊಳವೆ. ಅದರ ಬಾಯಿ ಮುಚ್ಚಿಹೋಗಿತ್ತು. ಹಕ್ಕಿಗೂಡಲ್ಲ, ತರಗೆಲೆಯಲ್ಲ. ಯಾರೋ ಕೈಯಾರೆ ತುರುಕಿದ ಟೋಪಿ. ಜಿಂಕೆ ಬೇಟೆಗೆ ಹೋಗುವವರು ಹಾಕಿಕೊಳ್ಳುವ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದು. ಮಿನೆಸೋಟಾದ ಆ ಸಣ್ಣ ಊರಿನಲ್ಲಿ ಅಂಥ ಟೋಪಿ ಇಲ್ಲದ ಮನೆಯೇ ಇಲ್ಲ.

ಮಧ್ಯಾಹ್ನ ಪೊಲೀಸ್ ಡೆಪ್ಯುಟಿ ಟೊರ್ವಿಕ್ ಇಡಾಳ ಅಂಗಳದಲ್ಲಿ ಇಬ್ಬರನ್ನು ನಿಲ್ಲಿಸಿಕೊಂಡಿದ್ದ. ಒಬ್ಬ ಓರ್ವಿಲ್ ಹಾಗನ್. ಆ ಸೀಮೆಯಲ್ಲಿ ಮನೆ ಕೊಳ್ಳುವ ಮುಂಚೆ ಅದರ ಬುಡದಿಂದ ತುದಿಯವರೆಗೆ ಪರೀಕ್ಷೆ ಮಾಡಿ ಹೇಳುವವನು ಅವನೇ. ಇನ್ನೊಬ್ಬಳು ನೋರೀನ್ ಪೆಲ್ಕಿ. ಶಾಲೆಯ ಬಸ್ಸು ಓಡಿಸುತ್ತಿದ್ದವಳು, ನಲವತ್ತು ದಾಟಿದ ಮೇಲೆ ಅವನ ಹತ್ತಿರ ಈ ಕಸುಬು ಕಲಿಯಲು ಸೇರಿದ್ದಳು.

"ಮುದುಕಿ ಮನೆ ಮಾರೋಳಿದ್ಲು. ಮಂಗಳವಾರ ಪರೀಕ್ಷೆ ಮಾಡಿದ್ದು ನೀವೇ ತಾನೆ?" ಟೊರ್ವಿಕ್ ಕೇಳಿದ.

"ನಾವೇ," ಎಂದ ಓರ್ವಿಲ್. "ವಿಷಗಾಳಿ ಅಲಾರಂ ಕೆಟ್ಟಿದೆ, ಬದಲಾಯಿಸಮ್ಮ ಅಂತ್ಲೂ ಹೇಳಿದ್ದೆ. ಅಣ್ಣನ ಮಗ ಭಾನುವಾರ ಬಂದು ಹಾಕ್ತಾನೆ ಅಂದ್ಲು."

"ಮೇಲೆ ಹತ್ತಿದ್ದು ಯಾರು?"

ಓರ್ವಿಲ್ ನೋರೀನಳತ್ತ ನೋಡಿದ. ಅವನ ಎಡ ಮೊಣಕಾಲು ಸವೆದು ಹೋಗಿತ್ತು. ಅವನು ಚಾವಣಿ ಹತ್ತುವುದನ್ನು ಬಿಟ್ಟ ಸಂಗತಿ ಊರಿಗೆಲ್ಲ ಗೊತ್ತು.

"ನಾನು," ಎಂದಳು ನೋರೀನ್.

"ಕೊಳವೆ ಹತ್ರ ಹೋಗಿ ನೋಡಿದ್ರಾ?"

"ನೋಡಿದೆ."

"ಟೋಪಿ?"

"ಇರ್ಲಿಲ್ಲ."

ಟೊರ್ವಿಕ್‌ಗೆ ಅಷ್ಟೇ ಬೇಕಾಗಿತ್ತು. "ಹಾಗಾದ್ರೆ ಮಂಗಳವಾರ ಆದ್ಮೇಲೆ ಯಾರೋ ಹತ್ತಿದಾರೆ. ಬಹಳ ಉಪಕಾರ ಆಯ್ತು, ನೋರೀನ್."

ನೋರೀನಳ ಕಿವಿ ಬಿಸಿಯಾಯಿತು. ಅವಳು ಆ ಚಾವಣಿಯ ಮೇಲೆ ಕಾಲೇ ಇಟ್ಟಿರಲಿಲ್ಲ.

* * *

ಮಂಗಳವಾರ ಬಿಸಿಲು ಸುಡುತ್ತಿತ್ತು. ನೋರೀನ್ ಹೇಳಿದ ಹೊತ್ತಿಗೇ ಬಂದಿದ್ದಳು. ಓರ್ವಿಲ್ ಅವಳಿಗಿಂತ ಮುಂಚೆ ಬಂದು, ಇಡಾ ಚರ್ಚಿನಿಂದ ಮರಳುವುದನ್ನು ಕಾಯುತ್ತ ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಏಣಿ ಆಗಲೇ ಗೋಡೆಗೆ ಒರಗಿ ನಿಂತಿತ್ತು.

"ಹತ್ತು ತಾಯಿ. ಇವತ್ತು ನೀನೊಬ್ಳೇ," ಎಂದಿದ್ದ. "ನಾನು ನೆಲಮಾಳಿಗೆ ನೋಡ್ಕೋತೀನಿ."

ಅಲ್ಲಿಯವರೆಗೆ ಅವಳು ಹತ್ತಿದ್ದೆಲ್ಲ ಗಿಡ್ಡ ಮನೆಗಳು. ಇದು ಎರಡು ಅಂತಸ್ತು, ಕಡಿದಾದ ಇಳಿಜಾರು. ಏಣಿಯ ತುದಿಗೆ ಹೋದಳು. ಸೂರಿನ ಅಂಚು ಕೈಗೆ ಸಿಕ್ಕಿತು. ಕೆಳಗೆ ನೋಡಿದಳು. ಅಷ್ಟೇ, ಮುಂದಕ್ಕೆ ಹೋಗಲಾಗಲಿಲ್ಲ. ಏಣಿಯನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ, ಸುಮ್ಮನೆ ನಿಂತಳು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದಳು.

ನೆಲಮಾಳಿಗೆಯಿಂದ ಬಂದ ಓರ್ವಿಲ್ ಕಣ್ಣು ಮಿಟುಕಿಸಿ ಕೇಳಿದ್ದ, "ಹಿಂದಿನ ಇಳಿಜಾರಿಗೂ ಹೋದ್ಯಾ? ಮೇಲಿದ್ದದ್ದೆಲ್ಲ ಸಿಕ್ತಾ?"

"ಸಿಕ್ತು."

ಅವನು ಬೆನ್ನು ತಟ್ಟಿ ನಕ್ಕಿದ್ದ. ದಾರಿಯಲ್ಲಿ ಸೇಬು ತುಂಬಿದ ಸಿಹಿ ಪೈ ಕೊಡಿಸಿದ್ದ. ನೋರೀನ್ ಅದನ್ನು ತಿಂದಳು. ನಾಚಿಕೆಗೇಡು ಎಂದರೆ ಅದೇ, ಪೂರ್ತಿ ತಿಂದಳು.

* * *

ಟೊರ್ವಿಕ್ ಮೊದಲು ಹಿಡಿದದ್ದು ಇಡಾಳ ಅಣ್ಣನ ಮಗ ಕರ್ಟಿಸ್‌ನನ್ನು. ಮನೆ ಮಾರಬೇಡ ಎಂದು ಅತ್ತೆಯ ಜೊತೆ ಜಗಳವಾಡಿದ್ದವನು. ಆದರೆ ಅವನು ವಾರವಿಡೀ ದೊಡ್ಡ ಸರೋವರದ ಸರಕು ಹಡಗಿನ ಮೇಲೆ ಕೆಲಸದಲ್ಲಿದ್ದ. ಹಡಗಿನವರೆಲ್ಲ ಸಾಕ್ಷಿ.

ಉಳಿದವನು ಸೆಲ್ಸೊ. ಎಕ್ವಡಾರಿನಿಂದ ಬಂದು ಆ ಊರಲ್ಲಿ ನೆಲೆಸಿದವನು. ಸೂರಿನಂಚಿನಲ್ಲಿ ಮಳೆನೀರು ಹರಿಯುವ ದೋಣಿಗಳಿಂದ ತರಗೆಲೆ ತೆಗೆಯುವುದು ಅವನ ಕೆಲಸ. ಗುರುವಾರ ಇಡಾಳ ಮನೆಗೆ ಏಣಿ ಹಾಕಿದ್ದ. ಏಣಿ ತಾಗಿ ಅವಳ ಲೈಲಾಕ್ ಹೂಗಿಡದ ಕೊಂಬೆ ಮುರಿದಿತ್ತು. ಮುದುಕಿ ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದಳು. ಅವನು ಏಣಿಯನ್ನೂ ಅಲ್ಲೇ ಬಿಟ್ಟು ಹೊರಟುಹೋಗಿದ್ದ.

ಶನಿವಾರ ಸಂಜೆಯೇ ಅವನನ್ನು ಜೈಲಿಗೆ ಹಾಕಿದರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಕೆಳಗಿನ ಹಜಾರದಲ್ಲಿ ಕಾಫಿ. ಎಲ್ಲರ ಬಾಯಲ್ಲೂ ಅದೇ ಮಾತು.

"ನಾನಂತೂ ಅವತ್ತೇ ಅಂದ್ಕೊಂಡೆ ಕಣ್ರೀ. ನೋಡೋ ನೋಟವೇ ಸರಿ ಇರ್ಲಿಲ್ಲ."

"ನಿಮ್ಮನೆಗೂ ಅವನೇ ಅಲ್ವಾ ಬರ್ತಿದ್ದಿದ್ದು? ವರ್ಷವೆಲ್ಲ ಹೊಗಳ್ತಿದ್ರಿ."

"ಅದು ಆಗ."

ಒಬ್ಬಾಕೆ ನೋರೀನಳ ಕೈ ಹಿಡಿದುಕೊಂಡಳು. "ನೀನು ಹತ್ತಿ ನೋಡಿದ್ದಕ್ಕೆ ಸಿಕ್ಕಿಬಿದ್ದ. ದೇವರು ನಿನ್ನ ಚೆನ್ನಾಗಿಟ್ಟಿರಲಿ."

ನೋರೀನ್ ಕಾಫಿಯನ್ನು ಅಲ್ಲೇ ಇಟ್ಟಳು. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತಳು. ತನ್ನ ಒಂದು ಸುಳ್ಳಿನ ಮೇಲೆ ಒಬ್ಬ ಮನುಷ್ಯ ಕೊಲೆಗಾರನಾಗಿ ಕೂತಿದ್ದಾನೆ. ಹೇಳಿಬಿಟ್ಟರೆ ಕಸುಬು ಹೋಯಿತು. ಓರ್ವಿಲ್ ಮುಖ ಎತ್ತಿ ನೋಡುವುದಿಲ್ಲ. ಊರು ನಗುತ್ತದೆ. ಹೇಳದಿದ್ದರೆ ಸೆಲ್ಸೊ ಹೊರಗೆ ಬರುವುದಿಲ್ಲ.

ಹೇಳುವ ಮುನ್ನ ಒಂದು ಸಲ ನಿಜವಾಗಿ ಹತ್ತಬೇಕು ಎನ್ನಿಸಿತು ಅವಳಿಗೆ. ಇಷ್ಟಾದ ಮೇಲೂ ನೋಡದೆ ಮಾತಾಡುವುದು ಇನ್ನೂ ದೊಡ್ಡ ಅವಮಾನ.

* * *

ಸೆಲ್ಸೊನ ಏಣಿ ಇನ್ನೂ ಇಡಾಳ ಹುಲ್ಲಿನ ಮೇಲೆ ಬಿದ್ದಿತ್ತು. ಪೊಲೀಸರು ಅದಕ್ಕೊಂದು ಚೀಟಿ ಕಟ್ಟಿ ಹೋಗಿದ್ದರು. ಸೋಮವಾರ ಬೆಳಿಗ್ಗೆ ನೋರೀನ್ ಅದನ್ನೇ ಎತ್ತಿ ನಿಲ್ಲಿಸಿದಳು.

ಅಂಚಿನ ಹತ್ತಿರ ಮತ್ತೆ ಭಯ ಹಿಡಿಯಿತು. ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡಳು. ಕೈಯೂರಿ, ಅಂಬೆಗಾಲಿಟ್ಟು, ಚಾವಣಿಯ ಮೇಲೆ ಹೋದಳು. ಚಂದವಾಗೇನೂ ಹತ್ತಲಿಲ್ಲ. ಆದರೆ ಹತ್ತಿದಳು.

ಹಿಂದಿನ ಇಳಿಜಾರಿನಲ್ಲಿ, ಅಟ್ಟದ ಕಿಟಕಿಯ ಗೂಡಿನ ಮರೆಯಲ್ಲಿ ಕೊಳವೆ ಇತ್ತು. ನೆಲದಿಂದಾಗಲಿ, ಸೂರಿನಂಚಿನಿಂದಾಗಲಿ ಕಾಣುವಂಥದ್ದಲ್ಲ. ಸೆಲ್ಸೊನ ಕೆಲಸವೆಲ್ಲ ಅಂಚಿನಲ್ಲೇ.

ಚಾವಣಿಗೆ ಹೊದಿಸಿದ್ದು ಹರಳು ಅಂಟಿಸಿದ ಡಾಂಬರಿನ ಹಾಳೆ. ಕೊಳವೆಗೆ ಹೋಗುವ ದಾರಿಯಲ್ಲಿ ಅಲ್ಲಲ್ಲಿ ಹರಳು ಕಿತ್ತು ಕಪ್ಪು ಡಾಂಬರು ಕಾಣುತ್ತಿತ್ತು. ಹೊಸ ಗೀರುಗಳು. ಅವಳು ತನ್ನ ಬೂಟನ್ನು ಪಕ್ಕದಲ್ಲಿ ಒತ್ತಿ ತಿರುಗಿಸಿದಳು. ಬೆಳಗಿನ ಚಳಿಗೆ ಹಾಳೆ ಗಟ್ಟಿಯಾಗಿತ್ತು. ಏನೂ ಆಗಲಿಲ್ಲ.

ಓರ್ವಿಲ್ ಮೊದಲ ವಾರವೇ ಹೇಳಿಕೊಟ್ಟ ಪಾಠ ಅದು. "ಬಿಸಿಲಲ್ಲಿ ಚಾವಣಿ ಮೇಲೆ ಕಾಲು ತಿರುವಬೇಡ. ಡಾಂಬರು ಮೆತ್ತಗಿರ್ತದೆ, ಹರಳು ಕಿತ್ತು ಬರ್ತದೆ. ಯಾರು ನಡೆದ್ರು ಅಂತ ಚಾವಣಿ ಮರೆಯಲ್ಲ."

ಗೀರುಗಳನ್ನು ಮತ್ತೆ ನೋಡಿದಳು. ಬಲಗಡೆ ಗಟ್ಟಿಯಾಗಿ ಊರಿದ ಹೆಜ್ಜೆ. ಎಡಗಡೆ ಉದ್ದಕ್ಕೆ ಎಳೆದ ಗೆರೆ. ಮತ್ತೆ ಊರಿದ ಹೆಜ್ಜೆ, ಮತ್ತೆ ಎಳೆದ ಗೆರೆ.

ಮಂಗಳವಾರ ಮೊದಲೇ ನಿಂತಿದ್ದ ಏಣಿ ನೆನಪಾಯಿತು. ತೊಯ್ದ ಅಂಗಿ ನೆನಪಾಯಿತು. ಅಲ್ಲೇ ಕೂತು ಡೆಲ್ ಎಂಬವನಿಗೆ ಫೋನ್ ಮಾಡಿದಳು. ಅವಳಿಗಿಂತ ಮುಂಚೆ ಓರ್ವಿಲ್ ಹತ್ತಿರ ಕಲಿತು ಬೇರೆ ಊರು ಸೇರಿದವನು.

"ಡೆಲ್, ನೀನು ಕಲಿಯೋವಾಗ ನಿನ್ನನ್ನ ಮೊದಲ ಸಲ ಒಬ್ಬನೇ ಹತ್ತಿಸಿದಾಗ ಓರ್ವಿಲ್ ಏನಾದ್ರೂ ಮಾಡಿದ್ರಾ?"

ಡೆಲ್ ಜೋರಾಗಿ ನಕ್ಕ. "ಓಹೋ, ನಿನ್ನ ಪರೀಕ್ಷೆನೂ ಆಯ್ತಾ! ಮುದುಕ ನಿನಗೇನು ಬಚ್ಚಿಟ್ಟಿದ್ದ? ನನಗೆ ಇಟ್ಟಿಗೆ ಚಿಮಣಿ ಪಕ್ಕ ಕಿತ್ತಳೆ ಟೋಪಿ. ತಂದ್ಕೊಟ್ಟೆ, ನೀನೇ ಇಟ್ಕೊ ಮಗನೇ ಅಂದ. ಇವತ್ತಿಗೂ ಹಾಕ್ಕೋತೀನಿ. ಯಾಕೆ, ಸಿಗ್ಲಿಲ್ವಾ ನಿನಗೆ?"

ನೋರೀನ್ ಫೋನ್ ಇಟ್ಟಳು.

* * *

ಮಧ್ಯಾಹ್ನ ಅವಳು ಟೊರ್ವಿಕ್‌ನನ್ನೂ ಓರ್ವಿಲ್‌ನನ್ನೂ ಇಡಾಳ ಅಂಗಳಕ್ಕೆ ಕರೆಸಿದಳು.

"ಮೊದಲನೇ ಅಪರಾಧಿ ನಾನು," ಎಂದಳು. "ಮಂಗಳವಾರ ನಾನು ಮೇಲೆ ಹೋಗ್ಲೇ ಇಲ್ಲ. ಹೆದರಿ ಏಣಿಯಿಂದ್ಲೇ ಇಳಿದುಬಿಟ್ಟೆ. ಟೋಪಿ ಇರ್ಲಿಲ್ಲ ಅಂತ ನಿಮಗೆ ಹೇಳಿದ್ದು ಸುಳ್ಳು, ಡೆಪ್ಯುಟಿ."

ಟೊರ್ವಿಕ್‌ನ ಮುಖ ಗಂಟಿಕ್ಕಿತು. "ನಿಮ್ಮ ಮಾತಿನ ಮೇಲೇ ಒಬ್ಬನ್ನ ಒಳಗೆ ಹಾಕಿದೀನಲ್ರೀ!"

"ಗೊತ್ತು. ಅದಕ್ಕೇ ಇವತ್ತು ಹತ್ತಿದೆ. ಕೊಳವೆ ಹತ್ರ ಬೂಟಿನ ಗೀರುಗಳಿವೆ. ಡಾಂಬರು ಬಿಸಿಗೆ ಮೆತ್ತಗಾಗಿದ್ರೆ ಮಾತ್ರ ಹಾಗೆ ಕಿತ್ತು ಬರೋದು. ಬುಧವಾರದಿಂದ ಇವತ್ತಿನವರೆಗೂ ಬಿಸಿಲೇ ಇಲ್ಲ, ತಣ್ಣಗಿದೆ. ಸೆಲ್ಸೊ ಗುರುವಾರ ಕೋಟು ಹಾಕ್ಕೊಂಡು ಕೆಲಸ ಮಾಡಿದ. ಆ ಗೀರು ಅವನವಲ್ಲ. ಬಿಸಿಲು ಸುಟ್ಟಿದ್ದು ಮಂಗಳವಾರ."

"ಹಾಗಾದ್ರೆ ಯಾರದು?"

"ಒಂದು ಕಾಲು ಊರಿ, ಇನ್ನೊಂದು ಎಳೆದ್ಕೊಂಡು ನಡೆದವರದು. ಎಡಗಾಲು."

ಟೊರ್ವಿಕ್ ಓರ್ವಿಲ್‌ನ ಮೊಣಕಾಲು ನೋಡಿದ. ಓರ್ವಿಲ್ ನಿಧಾನವಾಗಿ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಕಲಿಯೋರಿಗೆಲ್ಲ ಒಂದು ಟೋಪಿ ಇಡ್ತೀನಿ," ಎಂದ. "ನಿಜವಾಗ್ಲೂ ಹತ್ತಿದ್ರೆ ಸಿಕ್ಕೇ ಸಿಗುತ್ತೆ. ಬೇರೆ ಮನೆಗಳಲ್ಲಿ ಇಟ್ಟಿಗೆ ಚಿಮಣಿ ಪಕ್ಕ ಇಡ್ತಿದ್ದೆ. ಇಲ್ಲಿ ಚಿಮಣಿ ಇಲ್ಲ. ಬೇಸಿಗೆ ಥರ ಬಿಸಿಲು, ಫರ್ನೇಸ್ ಯಾರು ಹಚ್ತಾರೆ ಅಂದ್ಕೊಂಡು ಕೊಳವೆಗೇ ತುರುಕಿದೆ." ಅವನು ನೋರೀನಳತ್ತ ತಲೆಯೆತ್ತಿದ. "ಸಿಕ್ತು ಅಂದ್ಯಲ್ಲಮ್ಮ."

"ಅಂದೆ."

"ಟೋಪಿ ಯಾಕೆ ತೋರಿಸ್ಲಿಲ್ಲ ಅಂತ ಒಂದು ಮಾತು ಕೇಳ್ಬೇಕಿತ್ತು ನಾನು. ನಾಚ್ಕೊಂಡಿದೀಯ ಅಂದ್ಕೊಂಡು ಪೈ ತಿನ್ನಿಸಿದೆ."

"ಶನಿವಾರ ಟೋಪಿ ನೋಡಿದಾಗ ಗುರುತು ಸಿಕ್ತಾ ನಿಮಗೆ?" ಟೊರ್ವಿಕ್ ಕೇಳಿದ.

"ನೋಡಿದ ತಕ್ಷಣ." ಓರ್ವಿಲ್ ತನ್ನ ಮೊಣಕಾಲು ಉಜ್ಜಿಕೊಂಡ. "ಇವಳ ಹೆಸರು ಉಳೀಲಿ ಅಂತ ಸುಮ್ನಿದೀನಿ ಅಂತ ನನಗೆ ನಾನೇ ಹೇಳ್ಕೊಂಡೆ. ಬರೀ ಸುಳ್ಳು. ನನ್ನ ಹೆಸರಿಗೋಸ್ಕರ ಸುಮ್ನಿದ್ದೆ. ಇಡಾ ನನ್ನ ಮದುವೆಗೆ ಕೇಕ್ ಮಾಡಿದ್ಳು, ಟೊರ್ವಿಕ್."

ಕೊಲೆಗಾರನನ್ನು ಹುಡುಕುತ್ತ ಹೋದರೆ ಸಿಕ್ಕಿದ್ದು ಇಬ್ಬರು ಹೇಡಿಗಳು. ಒಬ್ಬಳು ಹತ್ತಲು ಹೆದರಿದವಳು, ಒಬ್ಬ ಬಾಯಿ ಬಿಡಲು ಹೆದರಿದವನು. ನೋರೀನ್ ತನ್ನ ಕಾಲಿನ ಬೂಟನ್ನೇ ನೋಡುತ್ತ ನಿಂತಳು.

* * *

ಮರುದಿನ ಸೆಲ್ಸೊ ತನ್ನ ಏಣಿ ತೆಗೆದುಕೊಂಡು ಹೋಗಲು ಬಂದ. ಮೂರು ದಿನದ ಗಡ್ಡ. ಹೆಂಡತಿ ವ್ಯಾನಿನಲ್ಲೇ ಕೂತಿದ್ದಳು, ಇಳಿಯಲಿಲ್ಲ. ನೋರೀನ್ ಅವನಿಗಾಗಿ ಕಾಯುತ್ತಿದ್ದಳು. ಏಣಿಯ ಒಂದು ತುದಿ ಹಿಡಿಯಲು ಬಗ್ಗಿದಳು.

"ಬಿಡಿ, ಮುಟ್ಟಬೇಡಿ," ಎಂದ ಸೆಲ್ಸೊ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ನನ್ನಿಂದ ದೊಡ್ಡ ತಪ್ಪಾಯ್ತು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ಸೆಲ್ಸೊ ಏಣಿಯನ್ನು ಹೆಗಲಿಗೇರಿಸಿದ. ಎರಡು ಹೆಜ್ಜೆ ನಡೆದು ನಿಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ.

"ಒಂದು ಮಾತು ಹೇಳಿ ಮೇಡಂ. ಅವತ್ತು, ನನಗೆ ಮೇಲೆ ಹೋಗೋಕೆ ಭಯ ಆಗುತ್ತೆ ಅಂತ ನೀವು ಆ ಮುದುಕಂಗೆ ಹೇಳಿದ್ರೆ ಏನಾಗ್ತಿತ್ತು?"

ನೋರೀನ್ ಯೋಚಿಸಿದಳು. ಹೇಳಿದ್ದರೆ ಓರ್ವಿಲ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ಕುಂಟುತ್ತ ತಾನೇ ಹತ್ತಿ, ಟೋಪಿ ತೆಗೆದುಕೊಂಡು ಬಂದು, ಅವಳ ತಲೆಗೇ ಹಾಕುತ್ತಿದ್ದ. ಇಡಾ ಇಬ್ಬರಿಗೂ ಕಾಫಿ ಕೊಡುತ್ತಿದ್ದಳು.

"ಏನೂ ಆಗ್ತಿರ್ಲಿಲ್ಲ," ಎಂದಳು.