ಏಳನೇ ಕೋಣೆಯ ಅತಿಥಿ

ಜನವರಿ ಎಂಟರ ಬೆಳಗ್ಗೆ ಬೆಟ್ಟದ ಮೇಲಿನ ಹುವಾಮಾಂಗಾ ಪಟ್ಟಣದಲ್ಲಿ ಮಳೆಗಾಲದ ಆಲಿಕಲ್ಲು ಬಿದ್ದು ಆಗಷ್ಟೇ ನಿಂತಿತ್ತು. ಹೆಂಚಿನ ಸಂದಿಗಳಲ್ಲಿ ಬೆಳ್ಳಗೆ ಕೂತಿದ್ದ ಹರಳುಗಳು ಬಿಸಿಲು ತಾಗಿದಂತೆ ಕರಗಿ, ಒಂದು ಸೂರು ಇನ್ನೊಂದರ ಜೊತೆ ಮಾತಾಡಿದ ಹಾಗೆ ತೊಟ್ಟಿಕ್ಕುತ್ತಿದ್ದವು. ಇಗರ್ಜಿಗಳ ಗಂಟೆಗಳು ಒಂದರ ಹಿಂದೊಂದು ಬಾರಿಸಿ ಸುಮ್ಮನಾದವು. ರೊಟ್ಟಿ ಮಾರುವ ಹೆಂಗಸರು ಬುಟ್ಟಿಗೆ ಹೊದಿಸಿದ್ದ ಕಂಬಳಿ ಕೊಡವಿ ಮತ್ತೆ ಕೂಗು ಹಾಕಿದರು. ಆಕಾಶ, ಅತ್ತು ಮುಗಿಸಿದ ಮಗುವಿನ ಮುಖದಂತೆ ತಿಳಿಯಾಗಿತ್ತು.

ಎಂಟೂವರೆಗೆ ಚೌಕದ ಪೊಲೀಸ್ ಠಾಣೆಗೆ ಒಬ್ಬ ಯುವಕ ಬಂದ. ಹೆಸರು ರೆನ್ಸೊ ಓರೆ. ಚೌಕದ ಹಿಂದಿನ ಬೀದಿಯ ಮೊಯೆ ಹೋಟೆಲಿನ ಒಡತಿ ಎರ್ಮೆಲಿಂದಾ ಓರೆಯ ಅಣ್ಣನ ಮಗ. ಅತ್ತೆಗೆ ವಯಸ್ಸಾಯಿತೆಂದು ಹೋಟೆಲ್ ನೋಡಿಕೊಳ್ಳಲು ಕಳೆದ ವರ್ಷವಷ್ಟೇ ರಾಜಧಾನಿ ಲೀಮಾದಿಂದ ಬಂದವನು.

ಇನ್ಸ್‌ಪೆಕ್ಟರ್ ಫೌಸ್ತೀನೊ ಸುಲ್ಕ ಕುರ್ಚಿ ತೋರಿಸಿದರು. "ಏನು ಕಳುವಾಗಿದೆ?"

"ಬಾಲಯೇಸುವಿನ ವಿಗ್ರಹ ಸಾರ್, ಮನುವೆಲಿತೊ ಅಂತಾರೆ. ಒಂದು ಗೇಣುದ್ದ, ಮರದ್ದು, ಬಹಳ ಹಳೇದು. ಹಜಾರದ ಗೂಡಲ್ಲಿತ್ತು."

"ಯಾವಾಗಿಂದ ಇಲ್ಲ?"

"ಐದನೇ ತಾರೀಕು ಬೆಳಗ್ಗೆಯಿಂದ."

"ಇವತ್ತು ಎಂಟು. ಇಷ್ಟು ದಿನ ಏನು ಮಾಡ್ತಿದ್ರಿ?"

ರೆನ್ಸೊನ ಮುಖ ಕೆಂಪಾಯಿತು. "ದೂರು ಕೊಡೋಕೆ ಮನೇಲಿ ಬಿಡಲಿಲ್ಲ ಸಾರ್. ಮನುವೆಲಿತೊ ಆಟ ಆಡೋಕೆ ಹೋಗಿದ್ದಾನೆ, ಬರ್ತಾನೆ ಅಂತಾರೆ."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಯೆನಿ ತಿನೆಯೊ ಪೆನ್ನು ನಿಲ್ಲಿಸಿದಳು. "ಎಫ್‌ಐಆರ್‌ನಲ್ಲಿ ಅದನ್ನೂ ಹಾಕ್ಲಾ ಸಾರ್?"

"ಹೇಳಿದ್ದನ್ನ ಹೇಳಿದ ಹಾಗೇ ಹಾಕು." ಸುಲ್ಕ ರೆನ್ಸೊನ ಕಡೆ ತಿರುಗಿದರು. "ಯಾರ ಮೇಲಾದ್ರೂ ಅನುಮಾನ?"

"ಅಡುಗೆಯ ಸತುರ್ನೀನಾ. ಆ ಗೂಡಿಗೆ ಕೈ ಹಾಕೋದು ಅವಳೊಬ್ಬಳೇ. ಇವತ್ತು ಸಂಜೆಯೊಳಗೆ ಗಂಟು ಕಟ್ಟು ಅಂದಿದ್ದೀನಿ. ನೀವೂ ಕರ್ಕೊಂಡು ಬಂದು ವಿಚಾರಿಸಿ."

ಸತುರ್ನೀನಾ ಲಂಗ ಮೊಣಕಾಲಿಗಿದ್ದ ವಯಸ್ಸಿನಿಂದ ಆ ಅಡುಗೆಮನೆಯಲ್ಲಿದ್ದವಳು. ಕಳ್ಳಿ ಅನ್ನಿಸಿಕೊಂಡು ಹೊರಬಿದ್ದರೆ ಈ ಊರಿನ ಯಾವ ಒಲೆಯ ಮುಂದೂ ಅವಳಿಗೆ ಜಾಗವಿಲ್ಲ. ಸುಲ್ಕ ಟೋಪಿ ಎತ್ತಿಕೊಂಡರು.

ಮೊಯೆ ಹೋಟೆಲ್ ಅವರಿಗೆ ಹೊಸದಲ್ಲ. ಈ ಊರಿಗೆ ವರ್ಗವಾಗಿ ಬಂದಾಗ ಮನೆ ಸಿಗುವವರೆಗೆ ಅಲ್ಲೇ ಇದ್ದರು. ದೊಡ್ಡ ಹೋಟೆಲಲ್ಲ. ಅಂಗಳದ ನಡುವೆ ಒಂದು ಮೊಯೆ ಮರ, ಸುತ್ತ ಕಲ್ಲಿನ ಕಮಾನು, ಕಮಾನಿನ ಹಿಂದೆ ಕೋಣೆಗಳು. ಬಿಸಿನೀರು ಬೆಳಗ್ಗೆ ಮಾತ್ರ. ಮಂಚಗಳು ಕಿರುಗುಟ್ಟುತ್ತವೆ. ಆದರೆ ಹೊದಿಕೆಯಿಂದ ಬಿಸಿಲಿನ ವಾಸನೆ ಬರುತ್ತದೆ. ಬಂದವರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ಹೆಸರು ಕೇಳುವ ಮೊದಲೇ ಕೈಗೆ ಕೋಕಾ ಎಲೆಯ ಕಷಾಯ ಬರುತ್ತದೆ. ಹೋಗುವಾಗ ದಾರಿಗೆಂದು ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಯಾರೂ ಯಾರನ್ನೂ ಎಷ್ಟು ದಿನ ಇರುತ್ತೀರಿ ಎಂದು ಕೇಳುವುದಿಲ್ಲ. ಸುಲ್ಕ ದೇಶದ ನಾನಾ ಊರುಗಳಲ್ಲಿ ಮಲಗಿ ಎದ್ದವರು. ತಲೆದಿಂಬಿಗೆ ತಲೆ ಕೊಟ್ಟ ಕೂಡಲೇ ಪ್ರಾರ್ಥನೆ ತಾನಾಗಿ ಬಾಯಿಗೆ ಬಂದದ್ದು ಅದೊಂದೇ ಮನೆಯಲ್ಲಿ.

ಪಂಚರನ್ನು ಕರೆಸಿ ಸ್ಥಳ ಪಂಚನಾಮೆ ಮಾಡಿದರು. ಗೂಡಿನಲ್ಲಿ ಬಲಪ್ರಯೋಗದ ಗುರುತಿಲ್ಲ. ಒಳಗೆ ಬಾಡದ ಹೂವು, ಒಂದು ಜೊತೆ ಪುಟಾಣಿ ಹೊಸ ಚರ್ಮದ ಮೆಟ್ಟು. ಗೂಡಿನ ಮೇಲೆ ಪರದೆ ಕಟ್ಟುವ ಕಂಬಿ ಇತ್ತು, ಪರದೆ ಇರಲಿಲ್ಲ.

"ಪರದೆ ಎಲ್ಲಿ?"

"ನಾನೇ ತೆಗೆಸಿದೆ," ಎಂದ ರೆನ್ಸೊ. "ಬಂದವರಿಗೆ ವಿಗ್ರಹ ಕಾಣಲಿ ಅಂತ."

ಅಡುಗೆಮನೆಯ ಮೂಲೆಯಲ್ಲಿ ಸತುರ್ನೀನಾ ಮೆಣಸಿನಕಾಯಿ ಅರೆಯುತ್ತಿದ್ದಳು. ಕಟ್ಟಿದ ಗಂಟು ಪಕ್ಕದಲ್ಲಿತ್ತು.

"ಗಂಟು ಕಟ್ಟಿ ಆದ್ಮೇಲೂ ಅರೀತಿದ್ದೀಯಲ್ಲಾ ಅಕ್ಕಾ?" ಎಂದಳು ಯೆನಿ.

"ಮಧ್ಯಾಹ್ನ ಜನ ಉಣ್ಣಬೇಕಲ್ಲ? ಅವರೇನು ಕದ್ರಾ?"

ಸುಲ್ಕ ಮಣೆಯ ಮೇಲೆ ಕೂತರು. "ಮನುವೆಲಿತೊ ಎಲ್ಲಿ?"

"ನನ್ನ ಕೇಳ್ತೀರಲ್ಲ ಸಾಹೇಬ್ರೇ, ನೀವೂ ಗುಡ್ಡದ ಕಡೆಯೋರೇ. ನಿಮ್ಮ ಅಜ್ಜಿ ಹೇಳಿರ್ಲಿಲ್ವಾ? ಮಳೆಗಾಲ ಬಂತು ಅಂದ್ರೆ ಮಗು ಗೂಡಲ್ಲಿ ನಿಲ್ಲಲ್ಲ. ಕುರಿ ಕಾಯೋ ಹುಡುಗರ ಜೊತೆ ಆಡೋಕೆ ಓಡಿ ಹೋಗುತ್ತೆ. ಬರುವಾಗ ಮೆಟ್ಟು ಸವೆದಿರುತ್ತೆ. ಇಲ್ಲೂ ಪ್ರತಿ ವರ್ಷ ಹಾಗೇ. ಐದಕ್ಕೆ ಹೋಗ್ತಾನೆ, ಏಳರ ಬೆಳಗ್ಗೆ ಗೂಡಲ್ಲಿರ್ತಾನೆ. ಅಂಗಾಲಲ್ಲಿ ಕೆಂಪು ಮಣ್ಣು, ಕೂದಲಲ್ಲಿ ಗುಡ್ಡದ ಹುಲ್ಲು. ಒಂದ್ಸಲ ಕೆನ್ನೇಲಿ ಗಿಣ್ಣದ ಚೂರು ಅಂಟಿತ್ತು, ನಾನೇ ಒರೆಸಿದೆ."

"ಯಾರೂ ಹುಡುಕಲ್ವಾ?"

"ಆಟಕ್ಕೆ ಹೋದ ಮಗೂನ ಯಾರು ಸಾಹೇಬ್ರೇ ಹುಡುಕ್ತಾರೆ? ಪರದೆ ಎಳೆದುಬಿಡೋದು. ಬಂದ್ಮೇಲೆ ಕಾಲು ತೊಳೆದು ಹೊಸ ಮೆಟ್ಟು ಹಾಕೋದು." ಅರೆಯುವ ಕಲ್ಲು ನಿಂತಿತು. "ಈ ಸಲ ಪರದೆ ಇರ್ಲಿಲ್ಲ. ಲೀಮಾದವರ ಕಣ್ಣಿಗೆ ಬಿತ್ತು. ಏಳಕ್ಕೆ ಬರಲೂ ಇಲ್ಲ."

ಸುಲ್ಕ ನಗಲಿಲ್ಲ. ಚಿಕ್ಕಂದಿನಲ್ಲಿ ಅವರೂ ತಮ್ಮೂರಿನ ಬಾಲಯೇಸುವಿನ ಮೆಟ್ಟು ತಿರುಗಿಸಿ ನೋಡಿದ್ದರು, ಸವೆದದ್ದು ಕಂಡು ಕೈಮುಗಿದಿದ್ದರು. ಪ್ರತಿ ವರ್ಷ ಅದೇ ದಿನ, ಅದೇ ಮಣ್ಣು. ದೇವರಿಗೆ ಎಲ್ಲ ದಾರಿಯೂ ಒಂದೇ. ಒಂದೇ ದಾರಿಯಲ್ಲಿ ಹೋಗಿ ಬರುವವನು ಮನುಷ್ಯ.

"ಪ್ರತಿ ವರ್ಷ ಈ ದಿನಗಳಲ್ಲಿ ತಪ್ಪದೆ ಬಂದು ಉಳಿಯೋ ಅತಿಥಿ ಯಾರಾದ್ರೂ ಇದ್ದಾರಾ?"

"ಹಾರ್ಪ್ ನುಡಿಸೋ ತೆಯೋದೊಸಿಯೊ. ಯುರಾಕ್‌ಮಾಚಾಯ್ ಊರಿನವನು. ಕ್ರಿಸ್ಮಸ್ ಕುಣಿತಕ್ಕೆ ನುಡಿಸೋಕೆ ಬರ್ತಾನೆ, ಐದಕ್ಕೆ ಹೊರಡ್ತಾನೆ, ಏಳಕ್ಕೆ ಮತ್ತೆ ಬಂದು ಒಂದಿನ ಇದ್ದು ಹೋಗ್ತಾನೆ. ಎಂಟನೇ ಕೋಣೆಯೇ ಬೇಕು ಅವನಿಗೆ. ಹಾಸಿಗೆ ತಾನೇ ಮಡಿಸಿಡ್ತಾನೆ. ಚಿನ್ನದಂಥ ಮನುಷ್ಯ!" ಎಂದವಳು ಥಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಅವನ ಹೆಸರು ಹೇಳಿಸಿಬಿಟ್ರಲ್ಲ ನನ್ನ ಬಾಯಲ್ಲಿ!"

"ಈ ಸಲ ಹೊರಡುವಾಗ ಏನಾದ್ರೂ ಹೊಸತು ಕಂಡಿತಾ?"

"ಹೊಸತೇನಿಲ್ಲ. ಬರುವಾಗ ಅಂಗಳದಲ್ಲಿ ಕೂತು ಒಂದು ಹಾಡು ನುಡಿಸ್ತಾನೆ. ಹೋಗುವಾಗ ಮಾತ್ರ ಯಾವತ್ತೂ ನುಡಿಸಲ್ಲ. ಎಷ್ಟು ಬೇಡಿಕೊಂಡ್ರೂ, ಹಾರ್ಪಿಗೆ ಗಂಟಲು ಕಟ್ಟಿದೆ ಅಕ್ಕಾ ಅಂತಾನೆ."

ಎಂಟನೇ ಕೋಣೆ ನೋಡಿದರು. ಹೊದಿಕೆ ಅಂಚಿಗೆ ಅಂಚು ಕೂಡಿಸಿ ಮಡಿಸಿತ್ತು. ಮಂಚದ ಕೆಳಗೆ ಒಂದಷ್ಟು ಉಣ್ಣೆಯ ಎಳೆ ಬಿದ್ದಿತ್ತು. ಏನನ್ನೋ ಪೆಟ್ಟಾಗದಂತೆ ಸುತ್ತಿ ಉಳಿದದ್ದು. ಪಕ್ಕದ ಏಳನೇ ಕೋಣೆಗೆ ಹೊರಗಿನಿಂದ ದೊಡ್ಡ ಬೀಗ.

ಗಲ್ಲಾದ ಹಿಂದೆ ಬೀಗದ ಕೈಗಳ ಹಲಗೆ. ಪ್ರತಿ ಕೈಗೂ ಮೊಯೆ ಮರದ ಬಿಲ್ಲೆ. ಏಳನೇ ಮೊಳೆ ಬರಿದಾಗಿತ್ತು. ತಾವು ಅಲ್ಲಿದ್ದ ದಿನಗಳಲ್ಲೂ ಅದು ಬರಿದಾಗಿಯೇ ಇತ್ತೆಂಬುದು ಸುಲ್ಕರಿಗೆ ನೆನಪಾಯಿತು. ಗಲ್ಲಾದಲ್ಲಿ ಎರ್ಮೆಲಿಂದಾ ಜಪಮಣಿ ಹಿಡಿದು ಕೂತಿದ್ದರು. ಬಿಳಿ ಜಡೆ ಎದೆಯ ಮೇಲಿತ್ತು.

"ಏಳರ ಬೀಗದ ಕೈ ಎಲ್ಲಿ ಅಮ್ಮಾ?"

"ಒಬ್ಬ ಅತಿಥಿ ತಗೊಂಡು ಹೋಗಿದ್ದಾನೆ. ತಂದ್ಕೊಡ್ತಾನೆ."

"ಯಾವಾಗ ತಗೊಂಡು ಹೋದದ್ದು?"

"ಕೆಟ್ಟ ಕಾಲದಲ್ಲಿ. ಸೈನ್ಯ, ಬಂಡುಕೋರರ ನಡುವೆ ಸಿಕ್ಕಿ ಹಳ್ಳಿಗಳು ಉರೀತಿದ್ವಲ್ಲ, ಆವಾಗ. ನಾನಿನ್ನೂ ಮದುವೆ ವಯಸ್ಸಿನ ಹುಡುಗಿ."

ಯೆನಿ ಮೆಲ್ಲಗೆ, "ಆಮೇಲೆ ಬೇರೆ ಕೈ ಮಾಡಿಸಬಹುದಿತ್ತಲ್ಲಜ್ಜೀ," ಎಂದಳು.

"ಕೋಣೆ ಅವನದು ಮಗಳೇ. ಬೇರೆ ಕೈ ಮಾಡ್ಸೋಕೆ ನಾವ್ಯಾರು?"

"ಮನುವೆಲಿತೊನ ಯಾರು ಒಯ್ದಿದ್ದಾರೆ ಅಂತ ನಿಮಗೆ ಗೊತ್ತಿದೆಯಾ?" ಎಂದರು ಸುಲ್ಕ.

ಮುದುಕಿಯ ಬೆರಳು ಮಣಿಯ ಮೇಲೆ ನಿಂತಿತು. "ನಾನು ನೋಡಿಲ್ಲ." ಬೀದಿಯ ಕಡೆ ನೋಡುತ್ತ, "ಮೇಲಿನ ದಾರೀಲಿ ಗುಡ್ಡ ಕುಸಿದಿದೆ ಅಂತಾರೆ. ಹೌದಾ ಫೌಸ್ತೀನೊ?" ಎಂದು ಕೇಳಿದರು. ಆ ದನಿಯಲ್ಲಿ ಕಳವಾದ ವಸ್ತುವಿನ ಚಿಂತೆಯಿರಲಿಲ್ಲ, ಕತ್ತಲಾದರೂ ಮನೆಗೆ ಬಾರದ ಮಕ್ಕಳ ಚಿಂತೆಯಿತ್ತು.

ಕುಸಿದದ್ದು ನಿಜ. ಆರರ ರಾತ್ರಿಯಿಂದ ಯುರಾಕ್‌ಮಾಚಾಯ್ ದಾರಿ ಮುಚ್ಚಿತ್ತು. ಮಧ್ಯಾಹ್ನ ಜೀಪು ಕುಸಿತದ ಜಾಗ ತಲುಪಿದಾಗ ಆಚೆಗೂ ಈಚೆಗೂ ಲಾರಿಗಳು ಸಾಲುಗಟ್ಟಿದ್ದವು. ಕೆಂಪು ಕೆಸರಿನ ಮೇಲೆ ಒಬ್ಬ ಮನುಷ್ಯ ಒಂದೊಂದೇ ಹೆಜ್ಜೆ ಊರಿ ಈ ಕಡೆ ಬರುತ್ತಿದ್ದ. ಬೆನ್ನ ಮೇಲೆ ದೋಣಿಯಂಥ ಹೊಟ್ಟೆಯ ಹಾರ್ಪು. ಸೊಂಟದವರೆಗೂ ಕೆಸರು. ಜಾರಿದಾಗೆಲ್ಲ ತಾನು ಬಿದ್ದರೂ ಹಾರ್ಪು ನೆಲ ಮುಟ್ಟದಂತೆ ಮೊಣಕಾಲೂರುತ್ತಿದ್ದ. ಸಾಮಾನು ಹೊತ್ತವನು ಹಾಗೆ ಬೀಳುವುದಿಲ್ಲ, ಮಗುವನ್ನು ಹೊತ್ತವನು ಬೀಳುವ ರೀತಿ ಅದು. ಸುಲ್ಕ ಕೆಸರಿಗಿಳಿದು ಕೈ ಚಾಚಿದರು.

"ತೆಯೋದೊಸಿಯೊ ಅಲ್ವಾ? ಒಂದು ಹಾಡು ನುಡಿಸಪ್ಪ."

ಅವನು ಅವರ ಸಮವಸ್ತ್ರ ನೋಡಿದ. ಹಾರ್ಪು ಇಳಿಸಿ ತಂತಿ ಮೀಟಿದ. ಮಂಕು ದನಿ.

"ಗಂಟಲು ಕಟ್ಟಿದೆ ಸಾರ್," ಎಂದು ತಲೆ ತಗ್ಗಿಸಿದ.

"ಮೊಯೆ ಹೋಟೆಲಿನ ಸತುರ್ನೀನಾ ಮೇಲೆ ಕಳವಿನ ದೂರು ಬಂದಿದೆ."

ತೆಯೋದೊಸಿಯೊ ತಲೆ ಎತ್ತಿದ. "ಅವಳಲ್ಲ ಸಾರ್! ನಾನು. ನಿನ್ನೆಯೇ ಬರಬೇಕಿತ್ತು, ದಾರಿ ಹೋಯ್ತು. ಅಕ್ಕನ್ನ ಬಿಟ್ಬಿಡಿ."

ಇಬ್ಬರು ಲಾರಿ ಚಾಲಕರನ್ನು ಪಂಚರಾಗಿ ಕರೆದು, ಅವರೆದುರು ಹಾರ್ಪಿನ ಹೊಟ್ಟೆಯ ತೂತಿನೊಳಗೆ ಯೆನಿ ಕೈ ಹಾಕಿದಳು. ಉಣ್ಣೆಯ ಸುತ್ತಿನೊಳಗೆ ಮನುವೆಲಿತೊ ನಗುತ್ತಿದ್ದ. ಪುಟ್ಟ ಮೆಟ್ಟಿನ ಅಟ್ಟೆ ಕೆಂಪಾಗಿತ್ತು. ಚಾಲಕರು ಟೋಪಿ ತೆಗೆದರು.

"ಕಳವಿನ ಆರೋಪದ ಮೇಲೆ ನಿನ್ನನ್ನ ಬಂಧಿಸ್ತಿದ್ದೀನಿ," ಎಂದರು ಸುಲ್ಕ. ಮೈ ತಪಾಸಣೆಯಲ್ಲಿ ಸಿಕ್ಕಿದ್ದು ಒಂದು ಬಾಚಣಿಗೆ, ಹಾರ್ಪಿನ ತಂತಿ, ಕೊರಳ ದಾರದಲ್ಲಿ ಹಿತ್ತಾಳೆಯ ಒಂದು ಬೀಗದ ಕೈ. ಮೊಯೆ ಮರದ ಬಿಲ್ಲೆ ಸವೆದು ನುಣುಪಾಗಿತ್ತು. ಅದರ ಮೇಲೆ ಏಳು.

ಜೀಪಿನಲ್ಲಿ ಅವನು ಹೇಳಿದ. ಮನುವೆಲಿತೊ ಯುರಾಕ್‌ಮಾಚಾಯ್‌ನವನು. ಊರು ಉರಿದ ವಾರ ತೆಯೋದೊಸಿಯೊನ ತಂದೆ ಅವನನ್ನು ಹೊದ್ದ ಪೊಂಚೊ ಕಂಬಳಿಯೊಳಗಿಟ್ಟುಕೊಂಡು ಪಟ್ಟಣಕ್ಕೆ ತಂದು, ಏಳನೇ ಕೋಣೆ ಹಿಡಿದು, ಬಾಲಯೇಸುವನ್ನು ಎರ್ಮೆಲಿಂದಾರ ತಾಯಿಯ ಕೈಗಿತ್ತರು. ಹೆಂಡತಿ ಮಕ್ಕಳನ್ನು ಕರೆತರಲು ಹಿಂದಿರುಗಿದರು. ಕಾಡಿನಲ್ಲಿ ಅಡಗಿದ್ದ ಹೆಂಡತಿಗೆ ಬೀಗದ ಕೈ ಒಪ್ಪಿಸಿ, ಉಳಿದವರನ್ನು ಹುಡುಕಲು ಹೋದರು. ಬರಲಿಲ್ಲ.

"ಈಗ ಊರು ಮತ್ತೆ ಎದ್ದಿದೆ ಸಾರ್. ಆರರ ಹಬ್ಬಕ್ಕೆ ಅವನಿಲ್ಲದೆ ಹೇಗೆ? ಕರ್ಕೊಂಡು ಹೋಗಿ ಕುಣಿಸಿ, ಮತ್ತೆ ತಂದಿಡ್ತೀನಿ."

"ನಮ್ಮದು, ಕೊಡಿ ಅಂತ ಕೇಳಬಹುದಿತ್ತಲ್ಲೋ ಮಾರಾಯ!" ಎಂದಳು ಯೆನಿ. "ಬೀಗದ ಕೈ ಬೇರೆ ನಿನ್ನ ಕೊರಳಲ್ಲೇ ಇದೆ."

"ಹ್ಯಾಗಕ್ಕಾ ಕೇಳೋದು? ಅಪ್ಪ ನಂಬಿ ಇಟ್ಟದ್ದು. ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದಾರೆ! ಇಟ್ಟವನ ಮಗ ಬಂದು ಕೊಡಿ ಅಂದ್ರೆ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ ಹಾಗಲ್ವಾ? ಪ್ರತಿ ವರ್ಷ ಗಲ್ಲಾದ ಮುಂದೆ ನಿಲ್ತೀನಿ. ಅವರಾಗಿ ಕೊಡ್ತೀವಿ ಅಂದಾರು ಅಂತ ಕಾಯ್ತೀನಿ."

ವಿಗ್ರಹ ಗುರುತಿಸಲು ಸಂಜೆ ಆರೋಪಿಯನ್ನು ಹೋಟೆಲಿಗೆ ಕರೆತಂದರು. ಹಜಾರದಲ್ಲಿ ಸತುರ್ನೀನಾ ಗಂಟಿನ ಮೇಲೆ ಕೂತಿದ್ದಳು. ಎರ್ಮೆಲಿಂದಾ ಮೊದಲು ನೋಡಿದ್ದು ಮನುವೆಲಿತೊನನ್ನಲ್ಲ, ತೆಯೋದೊಸಿಯೊನ ಕೊರಳಲ್ಲಿದ್ದ ಬೀಗದ ಕೈಯನ್ನು. ನಿಧಾನವಾಗಿ ಎದ್ದು ನಿಂತರು.

"ನಿನ್ನ ಕಣ್ಣು ನಿನ್ನಪ್ಪಂದೇ," ಎಂದರು. "ನಿಮ್ಮಲ್ಲಿ ಯಾರಾದ್ರೂ ಬರ್ತೀರ ಅಂತ ಅಮ್ಮ ಹೇಳಿ ಸತ್ತಳು. ಮನುವೆಲಿತೊ ಅತಿಥಿ, ಇವನೋರು ಕೇಳಿದ ದಿನ ಕಳಿಸಿಕೊಡು ಅಂದಿದ್ಳು. ಮಣ್ಣಿನ ಕಾಲಲ್ಲಿ ಬಂದಾಗೆಲ್ಲ, ಇವನೋರು ಯಾರೋ ಹತ್ರಾನೇ ಇದ್ದಾರೆ ಅಂತ ಗೊತ್ತಾಗ್ತಿತ್ತು."

"ಮತ್ತೆ ನೀವಾದ್ರೂ ಯಾಕಮ್ಮಾ ಕರೆದು ಕೊಡಲಿಲ್ಲ?" ಸುಲ್ಕ ಕೇಳಿದರು.

"ಯಾವಾಗ ಹೊರಡ್ತೀಯಪ್ಪ ಅಂತ ಅತಿಥಿನ ಕೇಳೋ ಮನೆಯೇನೋ ಇದು, ಫೌಸ್ತೀನೊ? ನೋಡಿದ್ರೆ ತಿಳಿಯುತ್ತೆ, ತಿಳಿದ್ರೆ ಕೇಳಬೇಕಾಗುತ್ತೆ ಅಂತ, ಐದರ ಬೆಳಗ್ಗೆ ಕಣ್ಣು ಮುಚ್ಕೊಂಡೇ ಮಲಗಿರ್ತಿದ್ದೆ."

ಕೊಟ್ಟವರು ಕೇಳಬಾರದೆಂದು ಅವನು, ಬಂದವರನ್ನು ಕಳಿಸಬಾರದೆಂದು ಇವರು. ನಡುವೆ ಒಂದು ಮಗು, ಎರಡೂ ಕಡೆಯ ಮರ್ಯಾದೆಯನ್ನು ಪುಟ್ಟ ಮೆಟ್ಟಿನಲ್ಲಿ ಸವೆಸುತ್ತ ಇಷ್ಟು ಕಾಲ ಓಡಾಡಿತ್ತು. ಇಂಥ ತಪ್ಪು ಮಾಡುವ ಜನರ ನಡುವೆ ತನ್ನನ್ನು ಹುಟ್ಟಿಸಿದ್ದಕ್ಕೆ ಸುಲ್ಕ ಮನಸ್ಸಿನಲ್ಲೇ ದೇವರಿಗೆ ನಮಸ್ಕರಿಸಿದರು. ಸ್ವತ್ತು ಹೋಟೆಲಿನದಲ್ಲ ಎಂಬ ಒಡತಿಯ ಹೇಳಿಕೆಯನ್ನು ಯೆನಿ ಬರೆದುಕೊಂಡಳು. ಪ್ರಕರಣ ಮುಚ್ಚಿ ಅವನನ್ನು ಬಿಡುವ ಬಿ ರಿಪೋರ್ಟಿಗೆ ಅಷ್ಟು ಸಾಕಿತ್ತು. ರೆನ್ಸೊ ಸತುರ್ನೀನಾಳ ಗಂಟು ಎತ್ತಿಕೊಂಡು ಅಡುಗೆಮನೆಗೆ ಒಯ್ದಿಟ್ಟು ಬಂದ. "ನಾಳೆ ಪರದೆ ನಾನೇ ಕಟ್ತೀನಿ ಅಕ್ಕಾ," ಎಂದ.

"ಇನ್ನು ಯಾರಿಗಪ್ಪ ಪರದೆ?" ಎಂದಳು ಅವಳು. ಕಣ್ಣೊರೆಸಿಕೊಂಡು ಮಗುವಿನ ಕಾಲು ತೊಳೆದು, ಹೊಸ ಮೆಟ್ಟು ಹಾಕಿದಳು. ದಾರಿಗೆ ರೊಟ್ಟಿ ಸುತ್ತಿದಳು.

ಎರ್ಮೆಲಿಂದಾ ಮನುವೆಲಿತೊನನ್ನು ಎತ್ತಿ, ಹಣೆಗೊಂದು ಮುತ್ತು ಕೊಟ್ಟು, ತೆಯೋದೊಸಿಯೊನ ತೋಳಿಗೆ ಹಾಕಿದರು. ಹೊರಡುವ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು. "ಏನಾದ್ರೂ ಕೊರತೆ ಆಗಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ. ಮತ್ತೆ ಬನ್ನಿ."

ಅವನು ಒಂದು ಕೈಯಲ್ಲಿ ಮಗುವನ್ನು ಎದೆಗೊತ್ತಿಕೊಂಡು, ಇನ್ನೊಂದರಲ್ಲಿ ಕೊರಳ ದಾರವನ್ನು ತಲೆಯ ಮೇಲಿಂದ ತೆಗೆದ. ಬಿಲ್ಲೆಗೆ ಅಂಟಿದ್ದ ಕೆಸರನ್ನು ಅಂಗಿಯ ಚುಂಗಿನಿಂದ ಒರೆಸಿ, ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟ. ಎರ್ಮೆಲಿಂದಾ ಹಲಗೆಯ ಕಡೆ ತಿರುಗಿ ಅದನ್ನು ಏಳನೇ ಮೊಳೆಗೆ ನೇತುಹಾಕಿದರು.