ಕೋಕೋ ಚೀಲಕ್ಕೆ ಹುವಾನೆ ಗಂಟು

ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತುಬಿಡುವವಳು ಪೊಲೀಸಾಗಿ ಏನು ಪ್ರಯೋಜನ? ಜೂನ್ ೨೬ರ ಬೆಳಿಗ್ಗೆ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ಕಾನ್‌ಸ್ಟೇಬಲ್ ನೆಲಿದಾ ತುವಾನಾಮಾ ತನ್ನೊಳಗೇ ಇಷ್ಟನ್ನು ಒಪ್ಪಿಕೊಂಡಳು. ಸಾಂತಾ ಔರೆಲಿಯಾ ಠಾಣೆಗೆ ಬಂದಾಗಿನಿಂದ ಅವಳು ಬರೆದ ಪಂಚನಾಮೆಗಳಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಆದರೆ ಯಾವ ವಿಚಾರಣೆಯಲ್ಲೂ ಅವಳು ಬಾಯಿ ತೆರೆದಿರಲಿಲ್ಲ. ಚಿಕ್ಕಂದಿನಿಂದ ಅವಳ ಪಾಲಿನ ಮಾತನ್ನೆಲ್ಲ ಆಡಿದವರು ಅವಳು ‘ಮದ್ರಿನಾ’ ಎಂದು ಕರೆಯುವ ಧರ್ಮತಾಯಿ ದೋನ್ಯಾ ಕ್ಲೊತಿಲ್ದೆ. ಶಾಲೆಯಲ್ಲಿ, ಔಷಧಿ ಅಂಗಡಿಯಲ್ಲಿ, ಪೊಲೀಸ್ ಆಯ್ಕೆಗೆ ಹೋದ ದಿನ ಗೇಟಿನಲ್ಲೂ ಅದೇ ಮಾತು: “ಅವಳಿಗೆ ನಾಚಿಕೆ, ನಾನು ಹೇಳ್ತೀನಿ ಕೇಳಿ.”

೮.೧೦ಕ್ಕೆ ದೂರು ಬಂತು. ಕೋಕೋ ಬೆಳೆಗಾರರ ಸಹಕಾರ ಸಂಘದ ವ್ಯವಸ್ಥಾಪಕಿ ಎಸ್ತೇರ್ ಪಿಂಚಿ ಒಂದು ಪುಟ್ಟ ಬಟ್ಟೆಚೀಲವನ್ನು ಇನ್ಸ್‌ಪೆಕ್ಟರ್ ಉರ್ಬಾನೊ ಚುಂಗಾರ ಮೇಜಿನ ಮೇಲೆ ಸುರಿದಳು. ಬಾದಾಮಿಯಷ್ಟು ದಪ್ಪನೆಯ ಕೋಕೋ ಬೀಜಗಳು ಉರುಳಿದವು.

“ಕಳ್ಳತನ ಆಗಿದೆ ಸಾರ್.”

“ಏನು ಹೋಗಿದೆ?”

“ಕೆಟ್ಟದ್ದು ಹೋಗಿದೆ. ಚೆನ್ನಾಗಿರೋದು ಬಂದಿದೆ.”

ಎಫ್‌ಐಆರ್ ಬರೆಯುತ್ತಿದ್ದ ನೆಲಿದಾಳ ಪೆನ್ನು ನಿಂತಿತು. ಚುಂಗಾ ಕರಾವಳಿಯವರು, ಈ ಕಾಡಿನ ಸೀಮೆಗೆ ವರ್ಗವಾಗಿ ಬಂದು ಬಹಳ ದಿನವಾಗಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಬಿಡಿಸಿ ಹೇಳಮ್ಮ.”

“ಇದು ಗುಡ್ಡದ ಮೇಲಿನ ದೋನ್ ಸಿಪ್ರಿಯಾನೊ ತೋಟದ ಚೀಲ. ಅವನ ಬೀಜ ಮೇಕೆ ಹಿಕ್ಕೆ ಥರ ಇರುತ್ತೆ, ಅವನೇ ಹಾಗಂತಾನೆ. ಈಗ ನೋಡಿ, ಮದುವೆ ಹೆಣ್ಣು! ಪರೀಕ್ಷೆಗೆ ಅಂತ ಗೋದಾಮಿನಲ್ಲಿಟ್ಟಿರೋ ಎಲ್ಲ ಮಾದರಿ ಚೀಲಾನೂ ಹೀಗೇ ಆಗಿದೆ.”

“ಇದರಿಂದ ನಿಮಗೆ ನಷ್ಟ ಏನು?”

ಎಸ್ತೇರ್ ಕುರ್ಚಿ ಎಳೆದುಕೊಂಡಳು. ಮೊದಲು ಬಂದ ಅನುದಾನದಲ್ಲಿ ಸಂಘ ಬೀಜ ಹುದುಗಿಸುವ ಮನೆ ಕಟ್ಟಿತ್ತು. ಆಮೇಲೆ ಒಂದು ಪೂರಕ ಅನುದಾನ ಮಂಜೂರಾಗಿತ್ತು, ಒಂದೇ ಒಂದು ಕೆಲಸಕ್ಕೆ. ಇಲ್ಲಿನ ಮಣ್ಣಿನಲ್ಲಿ ಅಲ್ಲಲ್ಲಿ ಕ್ಯಾಡ್ಮಿಯಂ ಎಂಬ ವಿಷದ ಲೋಹವಿದೆ; ಅದು ಬೀಜಕ್ಕೂ ಹತ್ತುತ್ತದೆ. ಯುರೋಪಿನವರು ಅದಕ್ಕೆ ಮಿತಿ ಹಾಕಿದ್ದಾರೆ. ಮಿತಿ ದಾಟಿದರೆ ಸರಕು ಬಂದರಿನಿಂದಲೇ ವಾಪಸು.

“ಅದಕ್ಕೇ ಹಡಗು ಹತ್ತೋ ಮೊದಲು ಒಂದೊಂದು ತೋಟದ ಬೀಜಾನೂ ಪ್ರಯೋಗಾಲಯಕ್ಕೆ ಕಳಿಸ್ತೀವಿ. ಯಾರ ತೋಟದಲ್ಲಿ ಜಾಸ್ತಿ ಇದೆಯೋ ಅವರ ಬೀಜ ಬೇರೆ ಕಡೆ ಮಾರೋದು, ಅವರ ಮಣ್ಣಿಗೆ ಸುಣ್ಣ ಹಾಕಿಸೋದು. ಈ ದುಡ್ಡು ಇರೋದೇ ಅದಕ್ಕೆ. ವ್ಯಾನು ನಾಳೆ ಹೊರಡುತ್ತೆ, ತಿಂಗಳು ಮುಗಿದರೆ ಅನುದಾನವೂ ಮುಗೀತು. ಈ ಸುಳ್ಳು ಬೀಜ ನಂಬಿ ಸರಕು ಕಳಿಸಿ ಅದು ವಾಪಸು ಬಂತೋ, ಇಡೀ ಊರು ಖರೀದಿದಾರನನ್ನ ಕಳ್ಕೊಳ್ಳುತ್ತೆ ಸಾರ್.”

೯.೩೦ಕ್ಕೆ ಗೋದಾಮಿನಲ್ಲಿ ಪಂಚನಾಮೆ ಶುರುವಾಯಿತು. ಬಾಗಿಲು ಮುರಿದಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ರೆಮಿಹಿಯೊ ಒಂದು ಬೀಜವನ್ನು ಬಾಯಿಗೆ ಹಾಕಿಕೊಂಡದ್ದು ಚುಂಗಾರ ಕಣ್ಣಿಗೆ ಬಿತ್ತು.

“ರೀ, ಅದು ಸಾಕ್ಷ್ಯ.”

“ಪರಿಶೀಲಿಸ್ತಿದ್ದೆ ಸಾರ್. ಒಳ್ಳೇ ಸಾಕ್ಷ್ಯ.”

ಕಾವಲುಗಾರ ಅಬೆಲಿನೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

“ಮೊನ್ನೆ ಹಬ್ಬದ ದಿನ ಎಲ್ಲಿದ್ದೆ?”

“ಹೊಳೇಲಿ. ಸಾನ್ ಹುವಾನ್ ದಿನ ಹೊಳೆಗಿಳೀದೆ ಇರೋಕಾಗುತ್ತಾ ಸಾರ್? ಊರಿಗೆ ಊರೇ ಅಲ್ಲಿತ್ತು.”

“ಬೀಗ?”

“ಭದ್ರವಾಗಿ ಹಾಕಿದ್ದೆ.”

“ಕೀಲಿ?”

“ಮೊಳೆಗೆ ನೇತುಹಾಕಿದ್ದೆ.”

“ಯಾವ ಮೊಳೆ?”

“ಬೀಗದ ಪಕ್ಕದ್ದು.”

ಚುಂಗಾ ಆ ಮೊಳೆಯಿಂದ ಬೀಗಕ್ಕೆ ಗೇಣು ಹಾಕಿ ಅಳೆದರು.

ಅಷ್ಟರಲ್ಲಿ ನೆಲಿದಾ ಒಂದು ಚೀಲವನ್ನು ಬೆಳಕಿಗೆ ಹಿಡಿದಿದ್ದಳು. ಸಂಘದವರು ಚೀಲದ ಬಾಯಿಗೆ ದಾರ ಸುತ್ತಿ ಬಿಗಿಯಾಗಿ ಎರಡು ಗಂಟು ಹಾಕುತ್ತಾರೆ. ಇದರಲ್ಲಿ ಇದ್ದದ್ದು ಒಂದೇ ಗಂಟು, ಪಕ್ಕಕ್ಕೆ ಮೊಲದ ಕಿವಿಯಂತೆ ಎರಡು ಕುಣಿಕೆ. ತುದಿ ಹಿಡಿದು ಮೆಲ್ಲನೆ ಎಳೆದಳು. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಅವಳ ಕಿವಿ ಬಿಸಿಯಾಯಿತು. ಸಾನ್ ಹುವಾನ್ ದಿನ ಪ್ರತಿ ಮನೆಯವರೂ ಅನ್ನ, ಕೋಳಿ, ಮೊಟ್ಟೆ ಸೇರಿಸಿ ಬಾಳೆಯಂಥ ಬಿಹಾವೊ ಎಲೆಯಲ್ಲಿ ಕಟ್ಟಿ ಹುವಾನೆ ಬೇಯಿಸಿ ಹೊಳೆಗೆ ಒಯ್ಯುತ್ತಾರೆ. ಹೊಳೆದಂಡೆಯ ರಾಶಿಯಲ್ಲಿ ಯಾರ ಹುವಾನೆ ಯಾವುದೆಂದು ಗೊತ್ತಾಗುವುದು ಗಂಟಿನಿಂದ. ಒಬ್ಬೊಬ್ಬರದು ಒಂದೊಂದು ಗಂಟು. ಈ ಮೊಲದ ಕಿವಿಯನ್ನು ಅವಳು ಹಲ್ಲು ಬಂದಾಗಿನಿಂದ ಪ್ರತಿ ಜೂನಿನಲ್ಲೂ ಎಳೆದು ಬಿಚ್ಚಿದ್ದಳು.

“ಏನಾದರೂ ಕಂಡಿತಾ?” ಎಂದರು ಚುಂಗಾ.

ಅವಳು ತಲೆ ಅಲ್ಲಾಡಿಸಿದಳು. ಇಲ್ಲ ಎಂದೋ ಹೌದು ಎಂದೋ ಅವಳಿಗೇ ತಿಳಿಯಲಿಲ್ಲ.

“ಹಾಗಾದರೆ ಅಬೆಲಿನೊನ ಜೀಪು ಹತ್ತಿಸಿ.”

“ಹತ್ತುತ್ತೀನಿ ಬಿಡಿ ಸಾರ್. ಠಾಣೇಲಿ ಮಧ್ಯಾಹ್ನಕ್ಕೆ ಏನು ಊಟ?” ಎಂದ ಅಬೆಲಿನೊ. ಎಲ್ಲರೂ ನಕ್ಕರು. ಆದರೆ ಅವನು ಟೋಪಿಯನ್ನು ಹಿಂಡಿ ಮುದ್ದೆ ಮಾಡಿದ್ದು ನೆಲಿದಾಳಿಗೆ ಕಂಡಿತು. ಅವಳು ಪಂಚನಾಮೆಯ ಹಾಳೆಯಲ್ಲಿ ಒಂದು ಸಾಲು ಬರೆದು ಇನ್ಸ್‌ಪೆಕ್ಟರರ ಮುಂದೆ ಹಿಡಿದಳು: ಇದು ಹುವಾನೆ ಗಂಟು, ಯಾರದೆಂದು ನನಗೆ ಗೊತ್ತು.

“ಬಾಯಲ್ಲಿ ಹೇಳಮ್ಮ.”

ಅವಳು ಹಾಳೆ ಮಡಚಿದಳು. ಜೀಪಿನಿಂದ ಅಬೆಲಿನೊನನ್ನು ಕೈಹಿಡಿದು ಇಳಿಸಿ, ಹೊಳೆಯ ದಾರಿ ಹಿಡಿದು ಮುಂದೆ ನಡೆದಳು. ಜೀಪಿನ ಸಮೇತ ಎಲ್ಲರೂ ಹಿಂದೆ ಹೊರಟರು.

೧೧.೧೫. ದೋನ್ಯಾ ಕ್ಲೊತಿಲ್ದೆ ತಮ್ಮ ಮನೆಯಲ್ಲಿ ಒಲೆಯ ಮುಂದೆ ಬಾಳೆಕಾಯಿ ಸುಡುತ್ತಿದ್ದರು.

“ಅಯ್ಯೋ, ಇಡೀ ಠಾಣೆನೇ ಬಂದಿದೆ! ಕೂತ್ಕೊಳ್ಳಿ, ಮೊದಲು ಊಟ, ಆಮೇಲೆ ಮಾತು.”

“ಗೋದಾಮಿನ ಚೀಲ ಬಿಚ್ಚಿದ್ದು ನೀವಾ?” ಎಂದರು ಚುಂಗಾ.

“ಹೂಂ. ಬಿಚ್ಚಿದೆ, ಶೃಂಗಾರನೂ ಮಾಡಿದೆ. ನೀವೆಲ್ಲ ಹೊಳೇಲಿ ಕುಣೀತಿದ್ರಿ, ಊರಿನ ಮಾನದ ಚಿಂತೆ ಯಾರಿಗಿತ್ತು? ನನ್ನ ತೋಟದ ಬೀಜ ಒಂದೊಂದೇ ಆರಿಸಿ ತುಂಬಿದೀನಿ. ಸಿಪ್ರಿಯಾನೊನ ಆ ಹಿಕ್ಕೆ ಯುರೋಪಿನವರ ಕಣ್ಣಿಗೆ ಬಿದ್ದರೆ ಏನಂದ್ಕೊಳ್ತಾರೆ?”

“ದೋನ್ಯಾ, ಇದು ಸ್ಪರ್ಧೆ ಅಲ್ಲ!” ಎಸ್ತೇರ್ ಹಣೆ ಹಿಡಿದುಕೊಂಡಳು. “ಇದು ರಕ್ತಪರೀಕ್ಷೆ ಇದ್ದ ಹಾಗೆ. ನಿಮ್ಮ ರಕ್ತ ಕೊಟ್ಟು ಸಿಪ್ರಿಯಾನೊಗೆ ಕಾಯಿಲೆ ಇಲ್ಲ ಅಂದರೆ ಅವನು ಬದುಕ್ತಾನಾ? ಹೋದ ವಾರ ಸಭೇಲಿ ಅಷ್ಟು ಹೊತ್ತು ಹೇಳಿದ್ನಲ್ಲ!”

“ಸಭೆಗೆ ಅಡುಗೆ ಮಾಡ್ತಿದ್ದೋಳು ನಾನು. ಒಗ್ಗರಣೆ ಸದ್ದಲ್ಲಿ ನಿನ್ನ ಭಾಷಣ ಯಾವಳಿಗೆ ಕೇಳುತ್ತೆ?” ಎಂದರು. ಆದರೆ ಮುಖ ಸಣ್ಣಗಾಯಿತು. ಸೌಟು ಕೆಳಗಿಟ್ಟರು. “ಸಿಪ್ರಿಯಾನೊಗೆ ತೊಂದರೆ ಆಗುತ್ತಾ?”

“ಊರಿಗೇ ಆಗುತ್ತೆ. ಎಲ್ಲರ ಬೀಜ ಏನು ಮಾಡಿದ್ರಿ? ಬಿಸಾಡಿದ್ರಾ?” ಎಂದಳು ಎಸ್ತೇರ್.

“ಕಂಡವರ ಬೀಜ ಬಿಸಾಡೋಕೆ ನಾನೇನು ಕಳ್ಳೀನಾ?”

ಅವರು ಮೇಲೆ ಬೆರಳು ತೋರಿಸಿದರು. ಒಲೆಯಿಂದ ದೂರದ ತೊಲೆಗೆ ಹಸಿರು ಎಲೆಯ ಪೊಟ್ಟಣಗಳು ಸಾಲಾಗಿ ನೇತಾಡುತ್ತಿದ್ದವು, ಒಂದೊಂದಕ್ಕೂ ಮೊಲದ ಕಿವಿ. ನೆಲಿದಾ ಒಂದನ್ನು ಎಳೆದು ಬಿಚ್ಚಿದಳು. ಒಳಗೆ ಸುಕ್ಕುಸುಕ್ಕಾದ ಬೀಜ, ಜೊತೆಗೆ ಸಿಪ್ರಿಯಾನೊನ ಹೆಸರಿನ ಚೀಟಿ. ಒಬ್ಬರದು ಇನ್ನೊಬ್ಬರದಕ್ಕೆ ಬೆರೆತಿರಲಿಲ್ಲ. ಎಸ್ತೇರ್‌ಗೆ ನಗು ತಡೆಯಲಾಗಲಿಲ್ಲ. ರೆಮಿಹಿಯೊ ನಕ್ಕ, ಅಬೆಲಿನೊ ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತ, ಕಡೆಗೆ ಕನ್ನಡಕ ತೆಗೆದು ಚುಂಗಾರೂ ನಕ್ಕರು.

ಎಸ್ತೇರ್ ಅಲ್ಲಿಂದಲೇ ಪ್ರಯೋಗಾಲಯಕ್ಕೆ ಫೋನು ಮಾಡಿದಳು. ಬೀಜಗಳನ್ನು ಪೊಲೀಸರೆದುರು ಮತ್ತೆ ಚೀಲಕ್ಕೆ ತುಂಬಿ ಮೊಹರು ಮಾಡಿ, ಪಂಚನಾಮೆಯ ಪ್ರತಿ ಲಗತ್ತಿಸಿದರೆ ಸ್ವೀಕರಿಸುತ್ತೇವೆ ಎಂದರು ಆ ಕಡೆಯವರು. ನಾಳೆಯ ವ್ಯಾನಿಗೆ ಅಡ್ಡಿಯಿಲ್ಲ.

ಆದರೂ ಸಂಘದ ಚೀಲ ಬಿಚ್ಚಿದ್ದು ಬಿಚ್ಚಿದ್ದೇ. ದೋನ್ಯಾ ಕ್ಲೊತಿಲ್ದೆಯನ್ನು ೧೨.೪೦ಕ್ಕೆ ಬಂಧಿಸಲಾಯಿತು. ಆರೋಪಿ ಒಂದು ಕೈಯಲ್ಲಿ ಊಟದ ಬುಟ್ಟಿ ಹಿಡಿದು ಜೀಪು ಹತ್ತಿದರು. ಅದೇ ಸಂಜೆ ಬಿಟ್ಟು ಕಳಿಸುವುದೆಂದೂ, ಸಂಘ ದೂರು ವಾಪಸು ಪಡೆಯುವುದೆಂದೂ ದಾರಿಯಲ್ಲೇ ಮಾತಾಯಿತು.

ಈ ಕೆಲಸಕ್ಕೆ ಅವರನ್ನು ಹಚ್ಚಿದ ಕಾರಣ ಜೀಪಿನಲ್ಲಿ ಮೆಲ್ಲಗೆ ಹೊರಬಂತು. ಹಿಂದೊಮ್ಮೆ ಪ್ರಾಂತ್ಯದ ಕೋಕೋ ಸ್ಪರ್ಧೆಗೆ ಅವರ ಗಂಡ ಊರಿನ ಬೀಜ ಒಯ್ದಿದ್ದರು. ತೀರ್ಪುಗಾರನೊಬ್ಬ ಮೂಸಿಯೂ ನೋಡದೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಗಂಡ ಮತ್ತೆಂದೂ ಊರಿನ ಹೆಸರಲ್ಲಿ ಎಲ್ಲಿಗೂ ಹೋಗಲಿಲ್ಲ. “ಆ ತಟ್ಟೆ ಸರಿದ ಸದ್ದು ಇನ್ನೂ ನನ್ನ ಕಿವೀಲಿದೆ,” ಎಂದು ಹೇಳಿ ದೋನ್ಯಾ ಹೊರಗೆ ನೋಡುತ್ತ ಕೂತರು.

ಠಾಣೆಯಲ್ಲಿ ಚುಂಗಾ ತಮ್ಮ ಕುರ್ಚಿಯನ್ನು ನೆಲಿದಾಳ ಕಡೆ ತಿರುಗಿಸಿದರು. “ಪತ್ತೆ ಮಾಡಿದವಳು ನೀನು. ಹೇಳಿಕೆ ನೀನೇ ತಗೋ.”

ನೆಲಿದಾ ಕೂತಳು. ಪ್ರಶ್ನೆ ನಾಲಿಗೆಯ ತುದಿಗೆ ಬಂತು, ಅಲ್ಲೇ ಕೂತಿತು.

ದೋನ್ಯಾ ಕ್ಲೊತಿಲ್ದೆಗೆ ತಡೆಯಲಾಗಲಿಲ್ಲ. “ಅವಳಿಗೆ ನಾಚಿಕೆ ಸಾರ್. ಅವಳ ಪರವಾಗಿ ಪ್ರಶ್ನೆ ನಾನೇ ಕೇಳ್ತೀನಿ, ಉತ್ತರಾನೂ ನಾನೇ ಹೇಳ್ತೀನಿ, ನೀವು ಬರ್ಕೊಳ್ಳಿ.”

“ಬೇಡ ಮದ್ರಿನಾ,” ಎಂದಳು ನೆಲಿದಾ. ಬಾಗಿಲಲ್ಲಿದ್ದ ರೆಮಿಹಿಯೊಗೂ ಕೇಳಿಸುವಷ್ಟು ಜೋರಾಗಿತ್ತು ದನಿ. “ನನ್ನ ಮಾತು ನಾನೇ ಆಡಬೇಕು. ಮೇಕೆ ಹಿಕ್ಕೆ ಥರ ಇದ್ದರೂ ಸರಿ, ಅದು ನನ್ನದೇ ಆಗಿರಬೇಕು.”