ಶೀತಲ ಕೋಣೆಯ ಬುಧವಾರಗಳು

ಮಧ್ಯಾಹ್ನ ಎರಡೂ ಕಾಲು. ಹೂವಿನ ಸಗಟು ಮಳಿಗೆಯ ಶೀತಲ ಕೋಣೆಯೊಳಗೆ ಒಬ್ಬ ಹೆಂಗಸು ತನ್ನ ತಲೆಗೂದಲನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

ಬಾಗಿಲು ತೆರೆದ ಮೆಕ್ಯಾನಿಕ್ ಹೊಸ್ತಿಲಲ್ಲೇ ನಿಂತ. ಹಗಲು ಹೊತ್ತಿನಲ್ಲಿ ಕೋಣೆಯ ತಂಪು ಏರುಪೇರಾಗುತ್ತಿದೆ ಎಂದು ಮಾಲೀಕರು ಅವನನ್ನು ಕರೆಸಿದ್ದರು. ಕಂಪ್ರೆಸರ್ ಸರಿಯಿತ್ತು, ಗ್ಯಾಸ್ ಸರಿಯಿತ್ತು, ಬಾಗಿಲಿನ ರಬ್ಬರೂ ಸರಿಯಿತ್ತು. ತಪ್ಪು ಎಲ್ಲಿದೆಯೆಂದು ಅವನಿಗೆ ಈಗ ಗೊತ್ತಾಯಿತು: ಯಾರೋ ಮತ್ತೆ ಮತ್ತೆ ಬಾಗಿಲು ತೆರೆದು ಒಳಗೆ ಬರುತ್ತಿದ್ದರು. ಗುಲಾಬಿಯ ಬಕೆಟ್‌ಗಳ ನಡುವೆ ಕೆಂಪಾದ ಒಂದು ಮುಖ, ತಲೆಯ ಮೇಲೆ ಈಗಷ್ಟೇ ಚಿಗುರುತ್ತಿರುವ ಕೂದಲು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಬಾಗಿಲು ಹಾಕಿ. ತಂಪು ಹೋಗುತ್ತೆ," ಎಂದಳು ಅವಳು.

ಅವನು ಒಳಗೆ ಬಂದು ಬಾಗಿಲು ಹಾಕಿದ. ಅವಳು ವಿಗ್ ಸರಿಮಾಡಿಕೊಳ್ಳುವವರೆಗೂ ಗೋಡೆಗೆ ಮುಖಮಾಡಿ ನಿಂತಿದ್ದ.

ಅವಳು ಆ ಮಳಿಗೆಯಲ್ಲಿ ಹೂಗುಚ್ಛ ಕಟ್ಟುವವಳು. ವಯಸ್ಸು ನಲವತ್ತೊಂದು. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿತ್ತು, ಕೀಮೋ ಮುಗಿದಿತ್ತು. ಕೀಮೋ ಅವಳ ಮುಟ್ಟನ್ನು ನಿಲ್ಲಿಸಿಬಿಟ್ಟಿತ್ತು. ಕಾಯಿಲೆ ಮರಳದಂತೆ ವರ್ಷಗಟ್ಟಲೆ ನುಂಗಬೇಕಾದ ಮಾತ್ರೆ, ಒಳಗಿನ ಬೆಂಕಿಗೆ ಇನ್ನಷ್ಟು ಗಾಳಿ ಹಾಕಿತು. ಬೇರೆ ಹೆಂಗಸರ ಮೈಗೆ ವಯಸ್ಸಾದಂತೆ ನಿಧಾನವಾಗಿ ಬರುವ ಮುಟ್ಟು ನಿಲ್ಲುವ ಕಾಲ ಅವಳಿಗೆ ಬಾಗಿಲು ತಟ್ಟದೆ ಬಂದಿತ್ತು. ನಿದ್ದೆ ಕೆಡುತ್ತಿತ್ತು, ಹಾಸಿಗೆ ಒದ್ದೆಯಾಗುತ್ತಿತ್ತು. ಸುಮ್ಮಸುಮ್ಮನೆ ಸಿಡುಕು, ಸಿಡುಕಿದ ಮೇಲೆ ಅಳು.

ಮನೆಯಲ್ಲಿ ಜೊತೆಗಿದ್ದ ತಂಗಿಯೊಬ್ಬಳೇ ಅದನ್ನು ನಗೆಯಾಗಿಸುತ್ತಿದ್ದಳು. "ಅಕ್ಕ, ನಿನ್ನ ಪಕ್ಕ ಚಹಾ ಇಟ್ರೆ ಆರೋದೇ ಇಲ್ಲ ಕಣೆ."

ಮೆಕ್ಯಾನಿಕ್ ಮಾಲೀಕರಿಗೆ ಅವಳ ಸುದ್ದಿ ಹೇಳಲಿಲ್ಲ. ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇಳಿಬಿಟ್ಟ. ಇನ್ನು ಯಾರು ಎಷ್ಟು ಸಲ ಒಳಹೊಕ್ಕರೂ ತಂಪು ಹೊರಗೆ ಓಡುವುದಿಲ್ಲ ಎಂದ. ಪ್ರತಿ ಬುಧವಾರ ಬಂದು ನೋಡಿಹೋಗುತ್ತೇನೆ ಎಂದೂ ಸೇರಿಸಿದ.

ನೋಡಲು ಅಲ್ಲಿ ಏನೂ ಇರಲಿಲ್ಲ. ಆದರೂ ಬಂದ.

ಹೆಂಡತಿ ಬೇರೆಯಾಗಿ ಬಹಳ ಕಾಲವಾಯಿತೆಂದು ಒಂದು ಬುಧವಾರ ತಾನಾಗಿಯೇ ಹೇಳಿದ. ಅವಳು ತನ್ನ ಕಾಯಿಲೆಯ ಬಗ್ಗೆ ಹೇಳಿದಳು. ಅವನು ಅಯ್ಯೋ ಎನ್ನಲಿಲ್ಲ, ನೆರೆಮನೆಯವರಿಗೆ ಹೀಗೇ ಆಗಿತ್ತು ಎಂದೂ ಶುರುಮಾಡಲಿಲ್ಲ. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದ, ಅಷ್ಟೇ. ಆ ಒಂದು ಪ್ರಶ್ನೆಯನ್ನು ಅವಳು ಮನೆಗೆ ಹೊತ್ತುಕೊಂಡು ಹೋದಳು... ಮಂಗಳವಾರಗಳು ಉದ್ದವಾಗತೊಡಗಿದವು.

ಒಂದು ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವನು ಅವಳ ಕೈ ಹಿಡಿದ.

ಅದೇ ಕ್ಷಣ ಎದೆಯಿಂದ ಬಿಸಿ ಎದ್ದಿತು. ಕುತ್ತಿಗೆ, ಕೆನ್ನೆ, ಅಂಗೈ... ಅವನ ಬೆರಳುಗಳ ನಡುವೆ ಅವಳ ಕೈ ನೀರಾಯಿತು. ಛೇ, ಈಗಲೇ ಬರಬೇಕಿತ್ತಾ ಇದು? ಅವಳು ಕೈ ಕಿತ್ತುಕೊಂಡು ಎದುರಿಗೆ ನಿಂತ ಬಸ್ ಹತ್ತಿದಳು. ಅದು ಅವಳ ಮನೆಯ ಕಡೆ ಹೋಗುವ ಬಸ್ಸೇ ಆಗಿರಲಿಲ್ಲ.

ಮುಂದಿನ ಬುಧವಾರ ಬೇರೊಬ್ಬ ಮೆಕ್ಯಾನಿಕ್ ಬಂದ.

ಅಸಹ್ಯವಾಗಿರಬೇಕು ಅವರಿಗೆ. ಯಾರಿಗೆ ತಾನೇ ಆಗಲ್ಲ? ಹಾಗೆಂದುಕೊಂಡು ಗುಲಾಬಿಯ ಮುಳ್ಳು ಬಿಡಿಸಿದಳು. ಬೀದಿಯಲ್ಲಿ ವ್ಯಾನ್ ನಿಂತ ಸದ್ದಾದರೆ ಅವನದೇ ಇರಬೇಕೆಂದು ಕೈಯ ಕತ್ತರಿ ನಿಲ್ಲುತ್ತಿತ್ತು. ಬೇರೆ ಯಾರೋ ಇಳಿಯುತ್ತಿದ್ದರು. ಅವನು ಹಿಡಿದಿದ್ದ ಕೈಯನ್ನು ಕೆಲವು ಸಲ ತಾನೇ ಹಿಡಿದುಕೊಂಡು ಕೂರುತ್ತಿದ್ದಳು.

ಆ ವಾರ ಅವಳು ಮಾತ್ರೆ ನಿಲ್ಲಿಸಿದಳು. ಯಾರಿಗೂ ಹೇಳಲಿಲ್ಲ.

ಕೆಲವು ವಾರಗಳಲ್ಲಿ ಬಿಸಿ ತಗ್ಗಿತು. ಪೂರ್ತಿ ಅಲ್ಲ, ಆದರೆ ನಿದ್ದೆ ಬರುವಷ್ಟು. ಕನ್ನಡಿಯಲ್ಲಿ ಹಳೆಯ ಮುಖ ಕಂಡಿತು. ಆ ಧೈರ್ಯದಲ್ಲೇ ಅವನಿಗೆ ಫೋನ್ ಮಾಡಿ, ಕೋಣೆ ಕೈಕೊಟ್ಟಿದೆ ಎಂದು ಸುಳ್ಳು ಹೇಳಿದಳು.

ಅವನು ಬಂದು ಮಾಪಕ ನೋಡಿದ. ತಂಪು ಇರಬೇಕಾದಷ್ಟೇ ಇತ್ತು. ಅವಳು ಹೊರಗೆ ಮೇಜಿನ ಬಳಿ, ಹಣೆಯಲ್ಲಿ ಬೆವರಿಲ್ಲದೆ ಕುಳಿತಿದ್ದಳು. ಈಗ ಒಳಗೆ ಹೋಗುವುದಿಲ್ಲವೇ ಎಂದು ಕೇಳಿದ. ಅವಳು ಮಾತ್ರೆ ನಿಲ್ಲಿಸಿದ್ದನ್ನು ಹೇಳಿಬಿಟ್ಟಳು. ಹೊಗಳಿಕೆಗೆ ಕಾದವಳಂತೆ ಹೇಳಿದಳು.

ಅವನ ಮುಖದ ಬಣ್ಣ ಹೋಯಿತು. ಸ್ಟೂಲ್ ಎಳೆದು ಕುಳಿತ.

"ಯಾರಿಗೋಸ್ಕರ ನಿಲ್ಲಿಸಿದ್ರಿ?"

ಅವಳು ಮೇಜಿನ ಮೇಲಿನ ಎಲೆಗಳನ್ನು ಒಂದೆಡೆ ಗುಡ್ಡೆ ಮಾಡತೊಡಗಿದಳು.

"ನನಗೋಸ್ಕರ ಅಂದ್ರೆ ನಾನು ಈ ಜನ್ಮದಲ್ಲಿ ಸುಧಾರಿಸಿಕೊಳ್ಳಲ್ಲ. ಆವತ್ತು ನೀವು ಕೈ ಎಳ್ಕೊಂಡ್ರಿ. ಇಷ್ಟ ಇಲ್ಲ ಅಂದ್ಕೊಂಡೆ. ಮರ್ಯಾದೆಯಾಗಿ ದೂರ ಇರೋಣ ಅಂತ ಬೇರೆಯವರನ್ನ ಕಳಿಸಿದೆ."

"ಕೈ ಬೆವರಿತ್ತು," ಎಂದಳು. "ನಾಚಿಕೆ ಆಯ್ತು..."

ಇಷ್ಟು ವಾರಗಳು ಹೋದದ್ದು ಇಷ್ಟಕ್ಕೇ.

ಆಮೇಲೆ ಅವಳು ಒಳಗಿನದೆಲ್ಲ ಹೊರಗೆ ಹಾಕಿದಳು. ಮತ್ತೆ ಮಾತ್ರೆ ಶುರುವಾದರೆ ಮತ್ತೆ ಅದೇ ಬೆಂಕಿ, ಅದೇ ಒದ್ದೆ ಹಾಸಿಗೆ. ಮೈ ಒಣಗಿದೆ, ಗಂಡಸೊಬ್ಬನ ಪಕ್ಕ ಮಲಗುವುದನ್ನು ನೆನೆದರೂ ಭಯ. ಮೊದಲಿನ ಹೆಂಗಸು ತಾನಲ್ಲ.

"ಸಿಡುಕ್ತೀನಿ ಕೂಡ," ಎಂದಳು ಕೊನೆಗೆ.

"ದಿನವಿಡೀ ಹಳೇ ಕಂಪ್ರೆಸರ್‌ಗಳ ಜೊತೆ ಇರೋನು ನಾನು. ಸಿಡುಕಿಗೆ ಹೆದರ್ತೀನಾ?"

ಅವಳಿಗೆ ನಗು ಬಂತು, ಜೊತೆಗೇ ಅಳುವೂ.

"ನಾನು ಕಾಯ್ತಿದ್ದೆ ರೀ," ಎಂದಳು. "ವ್ಯಾನ್ ಸದ್ದು ಕೇಳಿದಾಗೆಲ್ಲ."

"ನಾನು ಈ ಬೀದಿ ಬಿಟ್ಟು ಸುತ್ತಿ ಹೋಗ್ತಿದ್ದೆ. ಇಲ್ಲಿ ಬಂದ್ರೆ ವ್ಯಾನ್ ನಿಲ್ಲಿಸಿಬಿಡ್ತೀನಿ ಅಂತ." ಅವನು ಕೈ ಚಾಚಿದ. "ನೀವು ಬದುಕಿರಬೇಕು. ಮಿಕ್ಕಿದ್ದು ನಿಧಾನಕ್ಕೆ ನೋಡ್ಕೊಳ್ಳೋಣ. ನಾಳೆ ಡಾಕ್ಟರ್ ಹತ್ರ ಹೋಗೋಣ. ಕೈ ಕೊಡಿ."

"ಬೆವರುತ್ತೆ."

"ಬೆವರ್ಲಿ ಬಿಡಿ."

ಮರುದಿನ ವೈದ್ಯೆ ಬೈಯಲಿಲ್ಲ. ಹೀಗೆ ಮಾತ್ರೆ ಬಿಡುವವರು ಅನೇಕರಿದ್ದಾರೆ, ತಡೆಯಲಾಗದಿದ್ದರೆ ಮೊದಲು ನನಗೆ ಹೇಳಬೇಕಿತ್ತು ಎಂದರು. ಅವಳ ಬಗೆಯ ಕ್ಯಾನ್ಸರ್ ಬಂದವರು ಬಿಸಿ ತಗ್ಗಿಸಲು ಹಾರ್ಮೋನ್ ತೆಗೆದುಕೊಳ್ಳುವಂತಿಲ್ಲ, ಅಂಗಡಿಯ ಗಿಡಮೂಲಿಕೆಯನ್ನೂ ಕೇಳದೆ ನುಂಗಬಾರದು. ಹಾರ್ಮೋನ್ ಇಲ್ಲದ ಔಷಧಿಗಳಿವೆ. ಮೊದಲಿನ ಮಾತ್ರೆಯ ಕೆಲಸಕ್ಕೆ ಅಡ್ಡಿಮಾಡದ ಒಂದನ್ನು ಆರಿಸಿ ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟರು. ಮೈ ಒಣಗುವುದಕ್ಕೂ ಉಪಾಯ ಹೇಳಿದರು.

ಬಿಸಿ ಪೂರ್ತಿ ಹೋಗಲಿಲ್ಲ. ಒಂದೆರಡು ತಿಂಗಳಲ್ಲಿ ಕಡಿಮೆಯಾಯಿತು. ಮತ್ತೆ ಶುರುಮಾಡಿದ ಮಾತ್ರೆಯನ್ನು ಅವಳು ಇನ್ನು ಬಿಡಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಇಬ್ಬರೂ ಮದುವೆಯಾದರು.